ಪಿಆರ್ ಬರುವವರೆಗೆ ಹಳ್ಳಿ ಪ್ರೀತಿ

ಹಬ್ಬಕ್ಕೆ ಊರಿಗೆ ಬಾರೋ ಅಂದರೆ "ಅಲ್ಲಿ ನೆಟ್‌ವರ್ಕ್ ಸಿಗಲ್ಲ, ಬೋರು" ಅನ್ನುತ್ತಿದ್ದ ನಮ್ಮ ಹುಡುಗರಿಗೆ ಈಗ ಕೆನಡಾದ ಮೂಸ್ ಜಾ ಅಂದರೆ ಪ್ರಾಣ. ಸಸ್ಕಾಚೆವಾನ್ ಪ್ರಾಂತ್ಯದ ಸಣ್ಣ ಊರು ಅದು. ಅಲ್ಲೊಂದು ದೈತ್ಯ ಮೂಸ್ (ದೊಡ್ಡ ಕೊಂಬಿನ, ಜಿಂಕೆ ಜಾತಿಯ ಪ್ರಾಣಿ) ಪ್ರತಿಮೆ ಇದೆ. ನಾರ್ವೆಯವರು ಅದಕ್ಕಿಂತ ಎತ್ತರದ ಮೂಸ್ ನಿಲ್ಲಿಸಿಬಿಟ್ಟರು ಅಂತ ಊರಿಗೆ ಊರೇ ಬೇಜಾರಾಗಿ, 2019ರಲ್ಲಿ ತಮ್ಮದಕ್ಕೆ ದೊಡ್ಡ ಕೊಂಬು ಹಾಕಿಸಿ ಮತ್ತೆ ಗೆದ್ದರು. ಇದೆಲ್ಲ ಈಗ ನಮ್ಮ ಹುಡುಗರಿಗೆ ಬಾಯಿಪಾಠ.

ಕಾರಣ ಪಿಆರ್, ಅಂದರೆ ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ. 2025ರ ಜನವರಿಯಲ್ಲಿ ಕೆನಡಾ ಸರ್ಕಾರ ಗ್ರಾಮೀಣ ಸಮುದಾಯ ವಲಸೆ ಯೋಜನೆ ತಂದು, ಅಲ್ಲಿ ಕೆಲಸ ಹಿಡಿದರೆ ಪಿಆರ್‌ಗೆ ದಾರಿ ಅಂತ 14 ಊರುಗಳ ಪಟ್ಟಿ ಕೊಟ್ಟಿತು. ಮೂಸ್ ಜಾ ಅದರಲ್ಲೊಂದು. ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಇರುವ ಸಡ್ಬರಿಯೂ ಅದರಲ್ಲಿದೆ, ಸುಮಾರು ನಾಲ್ಕು ಸಾವಿರ ಜನರ ಕ್ಲೇರ್ಸ್‌ಹೋಮ್ ಕೂಡ ಇದೆ. ಮೊದಲು ಆ ಊರು ಒಪ್ಪಿದ ಮಾಲೀಕ ಕೆಲಸ ಕೊಡಬೇಕು. ಆಮೇಲೆ ಊರು ಶಿಫಾರಸು ಮಾಡಬೇಕು. ಅದಾದ ಮೇಲೆ ಸರ್ಕಾರ ನೋಡುತ್ತದೆ. ಕೆನಡಾದ ಕಾಲೇಜಿನಲ್ಲೇ ಇಂಗ್ಲಿಷಿನಲ್ಲಿ ಓದಿ ಪಾಸಾಗಿದ್ದರೂ ಇಂಗ್ಲಿಷ್ ಬರುತ್ತದೆ ಅಂತ ಮತ್ತೆ ದುಡ್ಡು ಕಟ್ಟಿ ಪರೀಕ್ಷೆ ಬರೆಯಬೇಕು, ಆ ಅಂಕಪಟ್ಟಿಗೂ ಎರಡೇ ವರ್ಷ ಆಯಸ್ಸು. ಎರಡು ವರ್ಷ ಕಳೆದರೆ ಇಂಗ್ಲಿಷ್ ಮರೆತುಹೋಗುತ್ತದೆ ಅಂತ ಲೆಕ್ಕ ಇರಬೇಕು.

ಎಲ್ಲಕ್ಕಿಂತ ಮಜಾ ಅಂದರೆ, ಆ ಊರಿನಲ್ಲೇ ನೆಲೆಸುವ ಮನಸ್ಸಿದೆ ಅಂತ ತೋರಿಸಬೇಕು. ಮನಸ್ಸನ್ನು ತೋರಿಸೋದು ಹೇಗೆ? ಬರೆದು. "ಚಿಕ್ಕಂದಿನಿಂದಲೂ ನನಗೆ ಮೈನಸ್ 30ರ ಚಳಿ ಇಷ್ಟ, ಐಸ್ ಕೊರೆದು ಮೀನು ಹಿಡಿಯೋದು ನನ್ನ ಕನಸು" ಅಂತ ದಾವಣಗೆರೆ ಹುಡುಗ ಬರೆಯುತ್ತಾನೆ. ಅವನ ಮನೆಯಲ್ಲಿ ಮೀನು ಬೇಯಿಸಿದ ಪಾತ್ರೆಯೇ ಇಲ್ಲ.

ಇನ್ನು ಮಾಲೀಕರು. ಅರ್ಜಿ ಮುಗಿಯುವವರೆಗೆ ಸಿಗುವ ವರ್ಕ್ ಪರ್ಮಿಟ್ ಆ ಒಬ್ಬ ಮಾಲೀಕನಿಗೇ ಕಟ್ಟಿದ್ದು. ಅವನು ಕೈಬಿಟ್ಟರೆ ಊರಿನ ಶಿಫಾರಸಿಗೂ ಕುತ್ತು. ಹಾಗಾಗಿ ಬೆಂಗಳೂರಿನಲ್ಲಿ ಶನಿವಾರ ಮ್ಯಾನೇಜರ್ ಫೋನ್ ಮಾಡಿದರೆ ಎತ್ತದಿದ್ದ ಎಂಜಿನಿಯರ್, ಅಲ್ಲಿ ಕೋಳಿ ಕರಿಯುವ ಅಂಗಡಿಯ ಸೂಪರ್‌ವೈಸರ್ ಆಗಿ, ಭಾನುವಾರ ರಾತ್ರಿ ಪಾಳಿಗೆ ಬರ್ತೀಯಾ ಅಂದರೆ ಕೇಳೋ ಮೊದಲೇ ಜಾಕೆಟ್ ಹಾಕಿಕೊಂಡಿರುತ್ತಾನೆ.

ಇಷ್ಟೆಲ್ಲ ಆಗಿ ಪಿಆರ್ ಬಂತು ಅನ್ನಿ. ಪಿಆರ್ ಇದ್ದವರು ಯಾವ ಪ್ರಾಂತ್ಯಕ್ಕಾದರೂ ಹೋಗಿ ಇರಬಹುದು ಅಂತ 1982ರಿಂದ ಆ ದೇಶದ ಸಂವಿಧಾನವೇ ಹೇಳುತ್ತದೆ. ಬರೆಸಿಕೊಂಡವರಿಗೂ ಗೊತ್ತು, ಬರೆದವನಿಗೂ ಗೊತ್ತು. ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿರುವ ಕಸಿನ್ ಆಗಲೇ ಬಾಡಿಗೆಗೆ ಬೇಸ್‌ಮೆಂಟ್ ನೋಡಿಟ್ಟಿರುತ್ತಾನೆ. ಎಲ್ಲರೂ ಹೀಗೇ ಅಂತಲ್ಲ, ಚಳಿಗೆ ಒಗ್ಗಿ, ಮನೆ ಕೊಂಡು ಅಲ್ಲೇ ಉಳಿದವರೂ ಇದ್ದಾರೆ. ಅಂಥವರ ಪತ್ರ ಬಹುಶಃ ಇಷ್ಟು ಚೆನ್ನಾಗಿ ಇರಲಿಲ್ಲ.

ಅಂದಹಾಗೆ ಇದೇ ಥರದ್ದು 2019ರಲ್ಲೂ ಒಂದು ಶುರುವಾಗಿತ್ತು, 11 ಊರುಗಳ ಜೊತೆ. ಅದು 2024ರ ಆಗಸ್ಟ್‌ನಲ್ಲಿ ಮುಗಿಯಿತು. ಮತ್ತೆ ಈಗ ಇದು. ಆಗಲೂ ಪ್ರಾಯೋಗಿಕ, ಈಗಲೂ ಪ್ರಾಯೋಗಿಕ. ಊರು ಬಿಟ್ಟು ಹೋಗಲ್ಲ ಅಂತ ಹುಡುಗನ ಹತ್ತಿರ ಬರೆಸಿಕೊಳ್ಳುವ ಸರ್ಕಾರ, ಈ ಯೋಜನೆ ಬಿಟ್ಟು ಹೋಗಲ್ಲ ಅಂತ ಯಾರಿಗೂ ಬರೆದುಕೊಟ್ಟಿಲ್ಲ.