ಡಾನ್ ಕಾರ್ನೀಲಿಯಸ್ ಮತ್ತು ಅವರನ್ನು ಬೆಳೆಸಿದ ಬಡಾವಣೆ

ಶಿಕಾಗೊದಲ್ಲಿ ನೆಲೆಸಿರುವ ನಾವು ಊರಿನಿಂದ ಬಂದ ನೆಂಟರನ್ನು ಮಿಶಿಗನ್ ಸರೋವರದ ದಂಡೆಗೂ ಗಗನಚುಂಬಿ ಕಟ್ಟಡಗಳ ನೆತ್ತಿಗೂ ಕರೆದೊಯ್ಯುತ್ತೇವೆಯೇ ಹೊರತು, ಅಲ್ಲಿಂದ ಕೆಲವೇ ಮೈಲಿ ದಕ್ಷಿಣಕ್ಕಿರುವ ಬ್ರಾಂಜ್‌ವಿಲ್ ಎಂಬ ಕಪ್ಪು ಜನರ ಬಡಾವಣೆಯ ಕಡೆ ಕಾರು ತಿರುಗಿಸುವುದು ಅಪರೂಪ. ಕಪ್ಪು ಜನರ ಸಂಗೀತ-ನೃತ್ಯವನ್ನು ಟೆಲಿವಿಷನ್ನಿನಲ್ಲಿ ತೋರಿಸಿದ ‘ಸೋಲ್ ಟ್ರೇನ್’ ಕಾರ್ಯಕ್ರಮವನ್ನು ಹುಟ್ಟುಹಾಕಿದ ಡಾನ್ ಕಾರ್ನೀಲಿಯಸ್ ಓದಿದ್ದು ಆ ಬಡಾವಣೆಯ ಡುಸಾಬಲ್ ಹೈಸ್ಕೂಲಿನಲ್ಲಿ.

1936ರಲ್ಲಿ ಹುಟ್ಟಿದ ಅವರು ವಿಮೆ ಮಾರಿ, ಆಮೇಲೆ ಕಪ್ಪು ಜನರ ರೇಡಿಯೊ ಕೇಂದ್ರವೊಂದರಲ್ಲಿ ವಾರ್ತೆ ಓದಿ, ಅದರ ನಡುವೆಯೇ ಶಾಲೆಯಿಂದ ಶಾಲೆಗೆ ಸುತ್ತುವ ಸಂಗೀತ-ನೃತ್ಯ ಕೂಟಗಳನ್ನು ಏರ್ಪಡಿಸುತ್ತಿದ್ದರು. ಆ ಸುತ್ತಾಟಕ್ಕೆ ಅವರಿಟ್ಟಿದ್ದ ಹೆಸರೇ ಮುಂದೆ ಟೆಲಿವಿಷನ್ ಕಾರ್ಯಕ್ರಮಕ್ಕೂ ಬಂತು. 1970ರ ಆಗಸ್ಟ್ 17ರಂದು ಶಿಕಾಗೊದ ಸ್ಥಳೀಯ ವಾಹಿನಿಯೊಂದರ ಇಕ್ಕಟ್ಟಾದ ಸ್ಟುಡಿಯೊದಿಂದ ಕಪ್ಪು-ಬಿಳುಪಿನಲ್ಲಿ ಆರಂಭವಾದ ಅದು, ಮರುವರ್ಷವೇ ಲಾಸ್ ಏಂಜಲೀಸಿಗೆ ಹೋಗಿ ದೇಶದ ಬೇರೆ ನಗರಗಳನ್ನು ತಲುಪಿ, 2006ರವರೆಗೂ ನಡೆಯಿತು. ಎರಡು ಸಾಲಾಗಿ ನಿಂತ ಹುಡುಗ ಹುಡುಗಿಯರ ನಡುವೆ ಒಂದೊಂದೇ ಜೋಡಿ ತನ್ನದೇ ಹೆಜ್ಜೆ ಹಾಕುತ್ತ ಬರುವ ದೃಶ್ಯವನ್ನು ಇಲ್ಲಿನ ಮದುವೆ ಮನೆಗಳಲ್ಲಿ ಇಂದಿಗೂ ಕಾಣಬಹುದು.

ಆದರೆ ನನಗೆ ಮುಖ್ಯವಾಗಿ ಕಾಣುವುದು ಕುಣಿತಕ್ಕಿಂತ ಒಡೆತನ. ಕಾರ್ಯಕ್ರಮದ ಮಾಲೀಕತ್ವ ಕಾರ್ನೀಲಿಯಸ್ ಅವರ ಕೈಯಲ್ಲೇ ಇತ್ತು. ಅದನ್ನು ದೇಶದಾದ್ಯಂತ ಒಯ್ಯಲು ಜಾಹೀರಾತಿನ ಹಣ ಕೊಟ್ಟದ್ದು ಶಿಕಾಗೊದ ದಕ್ಷಿಣ ಭಾಗದಲ್ಲೇ ಬೆಳೆದ, ಕೂದಲಿನ ಪ್ರಸಾಧನಗಳನ್ನು ತಯಾರಿಸುವ ಜಾನ್ಸನ್ ಪ್ರಾಡಕ್ಟ್ಸ್ ಎಂಬ ಕಪ್ಪು ಉದ್ಯಮ. ಇಂಥ ಬಂಡವಾಳ ಒಂದೇ ದಿನದಲ್ಲಿ ಕೂಡಿದ್ದಲ್ಲ. ಮೊದಲ ಮಹಾಯುದ್ಧದ ಕಾಲದಿಂದ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಬಂದ ಕಪ್ಪು ಜನರಿಗೆ ಶಿಕಾಗೊದ ಉಳಿದೆಡೆ ಮನೆ ಮಾರಕೂಡದೆಂಬ ಕರಾರುಗಳಿದ್ದ ಕಾರಣ (1948ರಲ್ಲಷ್ಟೇ ಸುಪ್ರೀಂ ಕೋರ್ಟು ಅವುಗಳ ಬಲ ಕಿತ್ತುಕೊಂಡಿತು), ವೈದ್ಯರು, ಕೂಲಿಗಳು, ಕವಿಗಳು, ಪತ್ರಕರ್ತರು ಎಲ್ಲರೂ ಬ್ರಾಂಜ್‌ವಿಲ್ಲಿನ ಅದೇ ಬೀದಿಗಳಲ್ಲಿ ಬದುಕಬೇಕಾಯಿತು, ಮತ್ತು ತಮ್ಮದೇ ವಿಮಾ ಕಂಪನಿ, ಬ್ಯಾಂಕು, ಪತ್ರಿಕೆಗಳನ್ನು ಕಟ್ಟಿಕೊಳ್ಳಬೇಕಾಯಿತು. 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಗ್ವೆಂಡಲಿನ್ ಬ್ರೂಕ್ಸ್ ಅವರ ಕವಿತೆಗಳ ಲೋಕವೂ ಇದೇ.

ಈ ಬಡಾವಣೆಯನ್ನು ಅಮೆರಿಕನ್ನರು ಚೆನ್ನಾಗಿ ಕಾಪಾಡಿದರು ಎಂದರೆ ಸುಳ್ಳಾಗುತ್ತದೆ. 47ನೇ ಬೀದಿಯ ಹೆಸರಾಂತ ರೀಗಲ್ ಥಿಯೇಟರನ್ನು 1973ರಲ್ಲಿ ಕೆಡವಿದರು. ಆದರೂ ಈಗ ಕಿಂಗ್ ಡ್ರೈವಿನ ಪಾದಚಾರಿ ಮಾರ್ಗದಲ್ಲಿ ಇಲ್ಲಿ ಬಾಳಿದವರ ಹೆಸರಿನ ಕಂಚಿನ ಫಲಕಗಳಿವೆ. ಅದೇ ರಸ್ತೆಯಲ್ಲಿ ವಲಸೆ ಬಂದವರ ನೆನಪಿಗೆ ನಿಲ್ಲಿಸಿರುವ ಕಂಚಿನ ಮನುಷ್ಯ ಯಾವ ನಾಯಕನೂ ಅಲ್ಲ: ಹಗ್ಗ ಬಿಗಿದ ಪೆಟ್ಟಿಗೆ ಹಿಡಿದು ಉತ್ತರಕ್ಕೆ ಮುಖ ಮಾಡಿದ್ದಾನೆ, ಅವನ ಉಡುಪೆಲ್ಲ ಸವೆದು ತೂತುಬಿದ್ದ ಬೂಟಿನ ಅಟ್ಟೆಗಳದು. 2023ರಲ್ಲಿ ಇಡೀ ಪ್ರದೇಶಕ್ಕೆ ರಾಷ್ಟ್ರೀಯ ಪರಂಪರೆಯ ಮಾನ್ಯತೆ ದೊರೆತಿದೆ.

ನಮ್ಮ ರೀತಿ ಬೇರೆ. ಡಾ. ರಾಜ್‌ಕುಮಾರ್ ಅವರ ಪ್ರತಿಮೆಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ, ಅದು ಸರಿಯೇ. ಆದರೆ ಅವರನ್ನೂ ನರಸಿಂಹರಾಜು ಅವರನ್ನೂ ತಿದ್ದಿದ ಗುಬ್ಬಿ ಕಂಪನಿಯ ನೆನಪು ರಂಗಭೂಮಿಯವರ ಪಾಲಿಗೆ ಉಳಿದುಬಿಟ್ಟಿದೆ. ಮೆಜೆಸ್ಟಿಕ್ಕಿಗೆ ಆ ಹೆಸರು ಕೊಟ್ಟ ಚಿತ್ರಮಂದಿರವೇ ಇಂದಿಲ್ಲ, ಅದು ಎಲ್ಲಿತ್ತೆಂದು ಕೇಳಿದರೆ ಬಸ್ಸಿಗೆ ಕಾಯುವ ಹುಡುಗರು ನಕ್ಕಾರು. ಕೆಂಪೇಗೌಡ ರಸ್ತೆಯಲ್ಲಿ ಸಾಗರ್, ಕೆಂಪೇಗೌಡ ಚಿತ್ರಮಂದಿರಗಳೂ ಹೋದವು. ಆ ಕಟ್ಟಡಗಳನ್ನು ಉಳಿಸಬೇಕಿತ್ತೆಂದು ನಾನು ವಾದಿಸುವುದಿಲ್ಲ, ನೆಲದ ಬೆಲೆ ಅದಕ್ಕೆ ಬಿಡುತ್ತಿರಲಿಲ್ಲ. ಯಾವ ಜಾಗದಲ್ಲಿ ಯಾವ ಚಿತ್ರಮಂದಿರವಿತ್ತು, ಕಟ್ಟಿಸಿದವರು ಯಾರು, ಕೆಡವಿದ್ದು ಯಾವಾಗ ಎಂಬುದನ್ನು ಪಾದಚಾರಿ ಮಾರ್ಗದಲ್ಲೇ ಕನ್ನಡದಲ್ಲಿ ಕೆತ್ತಿಡಲು ತಗಲುವ ಖರ್ಚು ಮಾತ್ರ ಒಂದು ಪ್ರತಿಮೆಯ ಪೀಠಕ್ಕಿಂತ ಹೆಚ್ಚಾಗಲಾರದು.