ಫಾಗ್ ಲೈಟ್ ಬರೀ ಲುಕ್‌ಗಂತೆ!

ಬೆಳಗ್ಗೆಯಿಂದ ಸಿಟ್ಟು ಇಳಿದಿಲ್ಲ. ಜೊತೆಗೆ ಒಂದು ಖುಷಿಯೂ ಇದೆ. ಎರಡನ್ನೂ ಇಲ್ಲೇ ಬರೆದುಬಿಡುತ್ತೇನೆ.

ನಮ್ಮ ಕಾರಿನ ಮುಂದಿನ ಎಡಗಡೆ ಫಾಗ್ ಲೈಟ್, ಅಂದರೆ ಮಂಜಿನಲ್ಲಿ ದಾರಿ ಕಾಣಲಿ ಅಂತ ಬಂಪರಿನ ಕೆಳಗಡೆ ಇರುವ ಲೈಟು, ಒಡೆದಿತ್ತು. ಮುಂದೆ ಹೋಗುತ್ತಿದ್ದ ಜಲ್ಲಿ ಟಿಪ್ಪರ್‌ನಿಂದ ಕಲ್ಲೊಂದು ಸಿಡಿದು ನೇರ ಗಾಜಿಗೇ ಬಿತ್ತು. ಒಳಗೆ ಮಳೆನೀರು ಹೋಯಿತು, ಬಲ್ಬೂ ಹೋಯಿತು. ಸರ್ವಿಸ್ ಸೆಂಟರಿನಲ್ಲಿ ತೋರಿಸಿದೆ. ಅಲ್ಲಿನ ಅಡ್ವೈಸರ್ ಕಾರಿನ ಮುಂದೆ ಬಗ್ಗಿಯೂ ನೋಡಲಿಲ್ಲ. "ಬಂಪರ್ ಪೂರ್ತಿ ಇಳಿಸಬೇಕು ಮೇಡಂ. ಎರಡೂ ಕಡೆ ಸೆಟ್ಟೇ ಹಾಕಿಸಿಬಿಡಿ. ಒಂದು ದಿನ ಗಾಡಿ ಬಿಡಬೇಕು. ಇನ್ಶೂರೆನ್ಸ್‌ಗೆ ಹಾಕೋಣ" ಅಂದರು. ನಮ್ಮ ಮನೆಯಲ್ಲೇ ಹಾಕಿಕೊಳ್ಳಲು ಆಗುತ್ತಾ ಅಂತ ಕೇಳಿದೆ. "ಅಯ್ಯೋ, ನಿಮ್ಮಿಂದ ಆಗಲ್ಲ ಮೇಡಂ" ಅಂದರು. ರೇಟು ಕೇಳಿ ನಾನು ಯೋಚನೆ ಮಾಡುತ್ತಿದ್ದಾಗ, ಸಮಾಧಾನ ಮಾಡುವ ಹಾಗೆ ಇನ್ನೊಂದು ಮಾತು ಸೇರಿಸಿದರು: "ಅರ್ಜೆಂಟೇನೂ ಇಲ್ಲ ಬಿಡಿ, ಫಾಗ್ ಲೈಟ್ ಬರೀ ಲುಕ್‌ಗೆ."

ಬರೀ ಲುಕ್‌ಗೆ!

ನಾನು ಎಲ್ಲಿಯವಳು ಅಂತ ನಿಮಗೆಲ್ಲ ಗೊತ್ತು. ಚಾರ್ಮಾಡಿ ಘಾಟಿಯ ಮೇಲಿರುವ ಕೊಟ್ಟಿಗೆಹಾರದ ಪಕ್ಕದವಳು. ಜೂನ್ ಬಂತು ಅಂದರೆ ಚಾರ್ಮಾಡಿ ಘಾಟಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೂ ಎದುರಿನ ಬಸ್ಸು ಕಾಣಿಸುವುದಿಲ್ಲ, ಹಾರನ್ ಮಾತ್ರ ಕೇಳಿಸುತ್ತದೆ. ಪುನರ್ವಸು ಮಳೆ ಹಿಡಿದರಂತೂ ಮುಗಿಯಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. 2019ರ ಆಗಸ್ಟ್ ಮಳೆಗೆ ಇದೇ ಘಾಟಿಯಲ್ಲಿ ಗುಡ್ಡ ಜರಿದು, ರಸ್ತೆ ಕುಸಿದು, ತಿಂಗಳುಗಟ್ಟಲೆ ದೊಡ್ಡ ಗಾಡಿಗಳ ಓಡಾಟ ನಿಂತಿದ್ದನ್ನು ನಾವು ಮರೆತಿಲ್ಲ. ಈ ರಸ್ತೆಯಲ್ಲಿ ಮಂಗಳೂರಿನ ಆಸ್ಪತ್ರೆಗೆ ಹೋಗುವವರಿದ್ದಾರೆ, ಉಜಿರೆಯ ಕಾಲೇಜಿಗೆ ಮಕ್ಕಳನ್ನು ಬಿಡಲು ಹೋಗುವವರಿದ್ದಾರೆ. ಇವರಿಗೆಲ್ಲ ಫಾಗ್ ಲೈಟ್ ಒಂದು ಅಲಂಕಾರವಾ?

ಆ ಲೈಟನ್ನು ಬಂಪರಿನ ಅಷ್ಟು ಕೆಳಗೆ ಯಾಕೆ ಇಟ್ಟಿದ್ದಾರೆ ಅಂತ ಒಮ್ಮೆ ಯೋಚನೆ ಮಾಡಿ. ಮಂಜು ಅಂದರೆ ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಸಣ್ಣ ಹನಿಗಳು. ಹೆಡ್‌ಲೈಟಿನ ಹೈಬೀಮ್, ಅಂದರೆ ದೂರಕ್ಕೆ ಬೀಳುವ ಬೆಳಕು, ಹಾಕಿದರೆ ಆ ಹನಿಗಳಿಗೆ ಬಡಿದ ಬೆಳಕು ವಾಪಸ್ ನಮ್ಮ ಕಣ್ಣಿಗೇ ಬರುತ್ತದೆ. ಮುಂದೆ ಬರೀ ಬಿಳಿ. ಫಾಗ್ ಲೈಟಿನ ಬೆಳಕು ಹಾಗಲ್ಲ. ಅದು ಅಗಲವಾಗಿ, ಚಪ್ಪಟೆಯಾಗಿ, ನೆಲಕ್ಕೆ ಹತ್ತಿರದಲ್ಲೇ ಹರಡುತ್ತದೆ. ಮೇಲಕ್ಕೆ ಹೋಗದ ಹಾಗೆ ಕತ್ತರಿಸಿಟ್ಟಿರುತ್ತಾರೆ. ದೂರ ಏನೂ ಕಾಣುವುದಿಲ್ಲ, ನಿಜ. ಆದರೆ ರಸ್ತೆ ಅಂಚಿನ ಬಿಳಿ ಗೆರೆ ಕಾಣುತ್ತದೆ, ತಡೆಗೋಡೆಯ ಬುಡ ಕಾಣುತ್ತದೆ. ಘಾಟಿಯಲ್ಲಿ ನಮಗೆ ಬೇಕಾಗಿರುವುದು ಅಷ್ಟೇ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದರು. ಧರ್ಮಸ್ಥಳದ ಬಸ್ಸನ್ನು ಇದೇ ತಿರುವುಗಳಲ್ಲಿ ಓಡಿಸಿದವರು. ನನಗೆ ಡ್ರೈವಿಂಗ್ ಕಲಿಸಿದ್ದೂ ಅವರೇ. "ಮಂಜಿನಲ್ಲಿ ದೂರ ನೋಡೋಕೆ ಹೋಗಬೇಡ ಮಗಳೇ. ಹತ್ತಿರ ನೋಡು, ಅಂಚು ಹಿಡಿ" ಅನ್ನುತ್ತಿದ್ದರು. ಅಂಚು ಕಾಣಬೇಕಾದರೆ ಈ ಲೈಟು ಬೇಕು.

ಇದುವರೆಗೆ ಯಾರ ಹತ್ತಿರವೂ ಹೇಳದ ಒಂದು ಮಾತಿದೆ. ಇಷ್ಟು ವರ್ಷ ಓಡಿಸಿದರೂ ಮಂಜು ಕವಿದರೆ ನನಗೆ ಭಯ. ಹಿಂದಿನ ಸೀಟಿನಲ್ಲಿ ಮಗ ನಿದ್ದೆ ಮಾಡುತ್ತಿರುತ್ತಾನೆ. ನನ್ನ ಅಂಗೈ ಬೆವರುತ್ತಿರುತ್ತದೆ. ಮನೆಯವರಿಗೂ ಗೊತ್ತಾಗದ ಹಾಗೆ ಸೀರೆ ಸೆರಗಿಗೆ ಒರೆಸಿಕೊಂಡು ಓಡಿಸುತ್ತೇನೆ. ಅದಕ್ಕೇ "ಬರೀ ಲುಕ್‌ಗೆ" ಅನ್ನುವ ಮಾತು ನನಗೆ ಅಷ್ಟು ಚುಚ್ಚಿತು.

ಇನ್ನು ಖುಷಿಯ ವಿಷಯ. ಅದೇ ಲೈಟನ್ನು ಇವತ್ತು ನಮ್ಮ ಅಂಗಳದಲ್ಲೇ ಹಾಕಿದೆವು. ನಾನು ಮತ್ತು ಪಿಯುಸಿ ಓದುವ ನನ್ನ ಅಕ್ಕನ ಮಗಳು. ಅಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈ ಹಾಕಲಿಲ್ಲ.

ಬಂಪರ್ ಇಳಿಸುವ ಕೆಲಸವೇ ಇರಲಿಲ್ಲ. ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಚಕ್ರ ಓರೆಯಾಗಿ ಕೈ ಹಾಕಲು ಜಾಗ ಆಗುತ್ತದೆ. ಚಕ್ರದ ಮೇಲೆ, ಒಳಗಡೆ, ಒಂದು ಕಪ್ಪು ಪ್ಲಾಸ್ಟಿಕ್ ಲೈನಿಂಗ್ ಇರುತ್ತದಲ್ಲ, ಅದರ ಮುಂಭಾಗದ ಸ್ಕ್ರೂ ಮತ್ತು ಕ್ಲಿಪ್ ಬಿಚ್ಚಬೇಕು. ಕ್ಲಿಪ್ಪನ್ನು ಸುಮ್ನೆ ಎಳೆದರೆ ಮುರಿಯುತ್ತದೆ. ನಡುವಿನ ಪಿನ್ನನ್ನು ಮೊದಲು ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೇಲೆತ್ತಬೇಕು, ಆಮೇಲೆ ಇಡೀ ಕ್ಲಿಪ್ ಸಲೀಸಾಗಿ ಬರುತ್ತದೆ. ಲೈನಿಂಗನ್ನು ಹಿಂದಕ್ಕೆ ಮಡಚಿದರೆ ಲೈಟಿನ ಬೆನ್ನು ಕಾಣುತ್ತದೆ. ಅಲ್ಲಿ ವೈರ್ ಸಿಕ್ಕಿಸಿರುವ ಪ್ಲಗ್, ಅಂದರೆ ಕಪ್ಲರ್, ಇರುತ್ತದೆ; ಅದರ ಲಾಕ್ ಒತ್ತಿ ಎಳೆದರೆ ವೈರ್ ಬಿಡುತ್ತದೆ. ಬಲ್ಬನ್ನು ಡಬ್ಬಿಯ ಮುಚ್ಚಳದ ಹಾಗೆ ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಹೊರಗೆ. ನಮ್ಮದರಲ್ಲಿ ಗಾಜೂ ಒಡೆದಿದ್ದರಿಂದ ಇಡೀ ಲೈಟನ್ನೇ ಬದಲಾಯಿಸಬೇಕಿತ್ತು. ಮತ್ತೆ ಮೂರು ಸ್ಕ್ರೂ. ಅಷ್ಟೇ.

ಹೊಸ ಲೈಟ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಒಂದೇ ಕಡೆಯದ್ದು ಸಿಕ್ಕಿತು. ಹೌದು, ಸೆಟ್ಟೇ ತಗೋಬೇಕು ಅಂತೇನಿಲ್ಲ! ಸರ್ವಿಸ್ ಸೆಂಟರಿನಲ್ಲಿ ಹೇಳಿದ ದುಡ್ಡಿನ ಕಾಲು ಭಾಗವೂ ಆಗಲಿಲ್ಲ. ಹಾಗಾದರೆ "ನಿಮ್ಮಿಂದ ಆಗಲ್ಲ" ಅಂತ ಯಾಕೆ ಹೇಳಿದರು?

ಒಂದೆರಡು ಎಚ್ಚರಿಕೆ ಮಾತ್ರ ಬೇಕು. ಬಲ್ಬಿನ ನಂಬರು ಸರಿಯಾಗಿ ನೋಡಿಕೊಳ್ಳಿ. ನಮ್ಮದು ಎಚ್8, 35 ವ್ಯಾಟ್. ಎಚ್11 ನೋಡಲು ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಆದರೆ ಅದು 55 ವ್ಯಾಟ್. ನಂಬರು ಹಳೇ ಬಲ್ಬಿನ ಬುಡದಲ್ಲೂ ಇರುತ್ತದೆ, ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೂ ಇರುತ್ತದೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಜಾಸ್ತಿ ಕಾದು ಬಲ್ಬು ಬೇಗ ಹೋಗುತ್ತದೆ. ಒಡೆಯದೇ ಇದ್ದರೂ ಎರಡೂ ಲೈಟ್ ಒಟ್ಟಿಗೇ ಆರಿದ್ದರೆ ಬಲ್ಬು ತರಲು ಓಡಬೇಡಿ, ಮೊದಲು ಫ್ಯೂಸು ನೋಡಿ. ಇಷ್ಟನ್ನು ಆ ಅಡ್ವೈಸರ್ ನನಗೆ ಎರಡು ನಿಮಿಷದಲ್ಲಿ ಹೇಳಬಹುದಿತ್ತು ಅಲ್ವಾ?

ಇನ್ಶೂರೆನ್ಸ್ ವಿಷಯ ಕೇಳಿ. 1500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮ್‌ನಲ್ಲಿ ಮೊದಲ 1000 ರೂಪಾಯಿ ನಮ್ಮ ಕೈಯಿಂದಲೇ ಹೋಗಬೇಕು. ಜೀರೋ ಡೆಪ್ (ಭಾಗ ಹಳೆಯದಾಯಿತು ಅಂತ ದುಡ್ಡು ಕಡಿಯದಿರುವ ಹೆಚ್ಚುವರಿ ಕವರ್) ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ದುಡ್ಡು ಮಾತ್ರ ಬರುತ್ತದೆ. ಇದರ ಮೇಲೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಮೊದಲ ವರ್ಷಕ್ಕೆ 20 ಪರ್ಸೆಂಟ್, ಹಾಗೇ ಏರುತ್ತಾ ಐದು ವರ್ಷ ಕ್ಲೇಮ್ ಮಾಡದಿದ್ದರೆ 50 ಪರ್ಸೆಂಟ್ ಆಗುವ ರಿಯಾಯಿತಿ ಅದು, ನಮ್ಮ ಕಾರಿನ ಹಾನಿಗೆ ಅಂತ ಕಟ್ಟುವ ಪ್ರೀಮಿಯಂನಲ್ಲಿ. ಒಂದು ಫಾಗ್ ಲೈಟಿಗೆ ಅದನ್ನು ಕಳೆದುಕೊಳ್ಳಬೇಕಾ? "ಇನ್ಶೂರೆನ್ಸ್‌ಗೆ ಹಾಕೋಣ" ಅನ್ನುವವರು ಈ ಲೆಕ್ಕವನ್ನು ಯಾಕೆ ಬಿಡಿಸಿ ಹೇಳುವುದಿಲ್ಲ?

ಈಗ ಕೆಲವರು ಹೇಳುತ್ತೀರಿ, ನನಗೆ ಗೊತ್ತು. "ಈಗಿನ ಕಾರು ಹಳೇ ಕಾರಿನ ಹಾಗಲ್ಲ, ಕೈ ಹಾಕಿದರೆ ವಾರಂಟಿ ಹೋಗುತ್ತೆ." ನಮ್ಮ ಭಾವನೂ ಬೆಳಗ್ಗೆ ಇದನ್ನೇ ಹೇಳಿದರು. ಕೆಲವು ಕಾರುಗಳಲ್ಲಿ ಬಂಪರ್ ಸಡಿಲಿಸದೆ ಆ ಲೈಟಿಗೆ ಕೈ ಎಟುಕುವುದಿಲ್ಲ, ಅಂಥದ್ದನ್ನು ಗ್ಯಾರೇಜಿಗೇ ಕೊಡಿ. ಆದರೆ ವೈರ್ ಕತ್ತರಿಸದೆ, ಕಂಪನಿ ಕೊಟ್ಟ ಕಪ್ಲರನ್ನೇ ತೆಗೆದು ಮತ್ತೆ ಸಿಕ್ಕಿಸುವುದಕ್ಕೆ ಇಷ್ಟು ಹೆದರಿಸುವುದು ಯಾಕೆ? ಬಲ್ಬು ಬದಲಿಸುವ ಕ್ರಮವನ್ನು ಎಷ್ಟೋ ಕಂಪನಿಗಳು ತಮ್ಮ ಪುಸ್ತಕದಲ್ಲೇ ಚಿತ್ರ ಹಾಕಿ ಕೊಟ್ಟಿರುತ್ತವೆ. 2014ರ ಆಗಸ್ಟ್‌ನಲ್ಲಿ, ಕಂಪನಿಗಳು ವ್ಯಾಪಾರದಲ್ಲಿ ಪೈಪೋಟಿ ತಡೆಯದ ಹಾಗೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿಗೂ ಜಾಸ್ತಿ ದಂಡ ಹಾಕಿತ್ತು. ಬಿಡಿಭಾಗಗಳು ಹೊರಗಿನವರ ಕೈಗೆ ಸಿಗದ ಹಾಗೆ ಮಾಡುತ್ತಿದ್ದೀರಿ ಅಂತ. ಹೊರಗಿನ ಗ್ಯಾರೇಜಿಗೆ ಹೋದರು ಅನ್ನುವ ಒಂದೇ ಕಾರಣಕ್ಕೆ ವಾರಂಟಿ ರದ್ದು ಅನ್ನಬಾರದು ಅಂತಲೂ ಆ ಆದೇಶದಲ್ಲಿತ್ತು. ದಂಡದ ವಿಷಯ ಮೇಲ್ಮನವಿಗೆ ಹೋಯಿತು, ಅದು ಬೇರೆ ಕಥೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಪೋರ್ಟಲನ್ನೇ ಶುರು ಮಾಡಿತು, ಅದರಲ್ಲಿ ವಾಹನಗಳೂ ಸೇರಿವೆ. ಇಷ್ಟಾದರೂ ಕೌಂಟರಿನಲ್ಲಿ ನಮಗೆ ಸಿಗುವ ಉತ್ತರ "ನಿಮ್ಮಿಂದ ಆಗಲ್ಲ ಮೇಡಂ."

ಆ "ಮೇಡಂ" ಬಗ್ಗೆಯೂ ಒಂದು ಮಾತು. ನನ್ನ ತಮ್ಮ ಹೋಗಿದ್ದರೆ ಕೊನೇಪಕ್ಷ ಬಾನೆಟ್ ಎತ್ತಿ ತೋರಿಸುತ್ತಿದ್ದರು ಅಂತ ನನಗೆ ಅನಿಸಿದೆ. ಇದನ್ನು ಹೇಳದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ.

ನಿಜವಾಗಿ ಹೆದರಬೇಕಾದ ವಿಷಯ ಬೇರೆ ಇದೆ. ಹೊರಗೆ 100 ವ್ಯಾಟ್ ಬಲ್ಬು ಸಿಗುತ್ತದೆ ಅಂತ ಹಾಕಿಸಿಕೊಳ್ಳುತ್ತಾರೆ. ಆ ಕಾವಿಗೆ ಹೋಲ್ಡರ್ ಕರಗುತ್ತದೆ, ವೈರ್ ಸುಡುತ್ತದೆ. ಹ್ಯಾಲೊಜೆನ್‌ಗೆ ಅಂತ ಮಾಡಿದ ಲೈಟಿಗೆ ಕಣ್ಣು ಕೋರೈಸುವ ಅಗ್ಗದ ಎಲ್‌ಇಡಿ ತುರುಕುತ್ತಾರೆ. ಬೆಳಕು ಎಲ್ಲೆಲ್ಲೋ ಚೆದುರಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಮಂಜೇ ಇಲ್ಲದ ಹಾಸನ ರಸ್ತೆಯಲ್ಲೂ ಫಾಗ್ ಲೈಟ್ ಹಾಕಿಕೊಂಡೇ ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎದುರಿಗೆ ಬರುವವರು ನಮ್ಮವರೇ.

ನಾವು ಹಾಕಿದ ಮೇಲೆ ಬೆಳಕಿನ ಲೆವೆಲ್ಲೂ ನೋಡಿದೆವು. ಕತ್ತಲಾದ ಮೇಲೆ ಕಾರನ್ನು ಕೊಟ್ಟಿಗೆಯ ಗೋಡೆಯಿಂದ ಸುಮಾರು 5 ಮೀಟರ್ ದೂರ, ಸಮತಟ್ಟು ಜಾಗದಲ್ಲಿ ನಿಲ್ಲಿಸಿದೆವು. ಬೆಳಕಿನ ಮೇಲಂಚು ಗೋಡೆಯ ಮೇಲೆ ಲೈಟಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಹೊಸದು ಸ್ವಲ್ಪ ಮೇಲಿತ್ತು. ಅದಕ್ಕೊಂದು ಅಡ್ಜಸ್ಟ್ ಸ್ಕ್ರೂ ಇರುತ್ತದೆ, ಅಕ್ಕನ ಮಗಳು ಅದನ್ನು ತಿರುಗಿಸಿ ಎರಡನ್ನೂ ಸಮ ಮಾಡಿದಳು. ಅಪ್ಪ ಎದ್ದು ಬಂದು ನೋಡಿ "ಸರಿ ಇದೆ" ಅಂದರು. ಅವರ ಬಾಯಲ್ಲಿ ಆ ಮಾತು ಬರುವುದೇ ಅಪರೂಪ. ಹುಡುಗಿಯ ಮುಖ ನೋಡಬೇಕಿತ್ತು!

ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ ಕಡೆ ಯಾರ ಕಾರಿನಲ್ಲಾದರೂ ಫಾಗ್ ಲೈಟ್ ಹೋಗಿದ್ದರೆ ಕಾರಿನ ಮಾಡೆಲ್ ಮತ್ತು ವರ್ಷ ಬರೆದು ನನಗೆ ಮೆಸೇಜ್ ಹಾಕಿ. ಯಾವ ಬಲ್ಬು, ಎಲ್ಲಿಂದ ಕೈ ಹಾಕಬೇಕು ಅಂತ ನೋಡಿ ಹೇಳುತ್ತೇನೆ. ಭಾನುವಾರ ನಮ್ಮ ಅಂಗಳಕ್ಕೇ ಗಾಡಿ ತಂದರೂ ಆಯಿತು. ಲೈಟು ನೀವು ತನ್ನಿ, ಸ್ಕ್ರೂಡ್ರೈವರ್ ನಮ್ಮ ಹತ್ತಿರ ಇದೆ. ಆದರೆ ಬಿಚ್ಚುವವರು ನೀವೇ ಆಗಿರಬೇಕು, ನಾನು ಪಕ್ಕದಲ್ಲಿ ನಿಂತಿರುತ್ತೇನೆ.