ಇಪ್ಪತ್ತೊಂಬತ್ತಕ್ಕೆ ನಿಂತ ಸಮಾನತೆ

ಬೆಳಗಾವಿ ಉದ್ಯಮಬಾಗದ ಫೌಂಡ್ರಿಗೆ ಈಗ ಎರಕ ಗಟ್ಟಿ ಇದ್ದರೆ ಸಾಲದು. ಪರದೇಶದ ಗಿರಾಕಿ ಪಂಪಿನ ಕೇಸಿಂಗ್ ಕೊಳ್ಳುವ ಮೊದಲು ಪ್ರಶ್ನಾವಳಿ ಕಳಿಸುತ್ತಾನೆ: "ಅರ್ಜಿದಾರರಲ್ಲಿ, ನೌಕರರಲ್ಲಿ ಸಮಾನತೆ, ವೈವಿಧ್ಯ ಎಷ್ಟಿದೆಯೆಂದು ಲೆಕ್ಕ ಇಡುತ್ತೀರಾ?" 'ಹೌದು' ಎಂದು ಟಿಕ್ ಹಾಕುವುದು ಸುಲಭ. ಪುರಾವೆ ಲಗತ್ತಿಸಿ ಎಂದಿದೆಯಲ್ಲ, ಫಜೀತಿ ಅಲ್ಲಿ. ಎಚ್‌ಆರ್ ಸಾಹೇಬರ ಅನುಕೂಲಕ್ಕಾಗಿ, ಯಾರಿಗೂ ತ್ರಾಸಾಗದಂತೆ ಸಮಾನತೆ ತರುವ ಕ್ರಮ ಹೀಗಿದೆ.

ಅರ್ಜಿದಾರರು, ನೌಕರರು ತುಂಬಬೇಕಾದ ಸಮಾನತೆಯ ಫಾರ್ಮನ್ನು ನೀವೇ ಬರೆಯಲು ಹೋಗಬೇಡಿ. ಬ್ರಿಟನ್ನಿನದೊಂದನ್ನು ಇಳಿಸಿಕೊಳ್ಳಿ. ಅಲ್ಲಿನ 2010ರ ಸಮಾನತಾ ಕಾಯ್ದೆಯ ಪಟ್ಟಿಯಲ್ಲಿ ಒಂಬತ್ತು ಬಾಬುಗಳಿವೆ: ವಯಸ್ಸು, ಅಂಗವೈಕಲ್ಯ, ಲಿಂಗ, ಲಿಂಗ ಬದಲಾವಣೆ, ಲೈಂಗಿಕ ಒಲವು, ಮದುವೆ, ಬಸಿರು-ಬಾಣಂತನ, ಜನಾಂಗ, ಧರ್ಮ. ಜಾತಿಯ ಹೆಸರು ಅದರಲ್ಲಿಲ್ಲ. ದೊಡ್ಡ ಭಾರ ಇಳಿಯಿತಲ್ಲ! ಜನಾಂಗದ ಕಾಲಮಿನಲ್ಲಿ 'ಬಿಳಿಯ – ಐರಿಶ್' ಎಂಬ ಚೌಕ ಇರುತ್ತದೆ. ಇರಲಿ ಬಿಡಿ, ಯಾರಿಗೆ ಗೊತ್ತು. ಹಿಂಡಲಗಾದಿಂದ ಸೈಕಲ್ ತುಳಿದು ಬರುವ ಮೋಲ್ಡರ್‌ನಿಂದ ಹಿಡಿದು ಮಾಲೀಕರ ಅಳಿಯನವರೆಗೆ ಎಲ್ಲರೂ 'ಏಷ್ಯನ್ – ಭಾರತೀಯ'ಕ್ಕೆ ಟಿಕ್ ಹಾಕುತ್ತಾರೆ, ಒಂದೇ ಬಣ್ಣದ ದುಂಡನೆಯ ಚಾರ್ಟು ತಯಾರಾಗುತ್ತದೆ. ಇಷ್ಟು ಒಗ್ಗಟ್ಟು ಲಂಡನ್ನಿನಲ್ಲೂ ಸಿಗದು. ಆಲಮಟ್ಟಿ ಹಿನ್ನೀರಿಗೆ ಮನೆ ಕಳಕೊಂಡು ಬಾಗಲಕೋಟೆ ಕಡೆಯಿಂದ ಬಂದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಯೋಜನಾ ನಿರಾಶ್ರಿತರೆಂಬ ಪ್ರತ್ಯೇಕ ಮೀಸಲಾತಿ ಉಂಟು. ನಿಮ್ಮ ಗೇಟಿನೊಳಗೆ ಅವರೂ ಬರೀ ಏಷ್ಯನ್.

ಹಾಗಾದರೆ ಜಾತಿ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಸಂದರ್ಶನಕ್ಕೆ ಕಾಯುವವರಿಗೆ ಚಹಾ ಕೊಡುವಾಗ ಸೂಪರ್‌ವೈಸರ್ ಅದನ್ನು ಸಂಗ್ರಹಿಸುತ್ತಾರೆ. "ಯಾ ಊರು ತಮ್ಮಾ? ಯಾರ ಪೈಕಿ? ಮನಿ ಯಾ ಓಣ್ಯಾಗ ಬರ್ತೈತಿ?" ಓಣಿ ಹೇಳಿದ ಮೇಲೆ ಉಳಿದದ್ದನ್ನು ಕೇಳಬೇಕಾಗಿಲ್ಲ. ಹೆಣ್ಣುಮಗಳಾದರೆ ಇನ್ನೊಂದು: "ಲಗ್ನ ಆಗೇತೇನವಾ?" ಕಾಗದವಿಲ್ಲ, ಸಹಿಯಿಲ್ಲ. ಗೌಪ್ಯತೆ ನೂರಕ್ಕೆ ನೂರು.

ಫಾರ್ಮಿನ ಗೌಪ್ಯತೆಗೆ ಮಾತ್ರ ಸ್ವಲ್ಪ ಓಡಾಟವಿದೆ. ಅದು ಅರ್ಜಿಯಿಂದ ಬೇರೆಯಾಗಿರಬೇಕು, ಹೆಸರಿರಬಾರದು, ಆಯ್ಕೆ ಮಾಡುವವರ ಕಣ್ಣಿಗೆ ಬೀಳಬಾರದು. ಕಳೆದುಹೋದೀತೆಂಬ ಕಾಳಜಿಯಿಂದ ನಮ್ಮಲ್ಲಿ ಅದನ್ನು ಅರ್ಜಿಗೇ ಸ್ಟೇಪಲ್ ಮಾಡುತ್ತಾರೆ. 'ಹೇಳಲು ಇಷ್ಟವಿಲ್ಲ' ಎಂದವರನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕು. ನೀವು ಗಂಡಸರ ಲೆಕ್ಕಕ್ಕೆ ಸೇರಿಸಿಬಿಡಿ, ಹೆಸರನ್ನೂ ಗುರುತು ಮಾಡಿಕೊಳ್ಳಿ, ಏನೋ ಮುಚ್ಚಿಡುತ್ತಿದ್ದಾರೆ. ಐದು ಮಂದಿಯೂ ಇಲ್ಲದ ಗುಂಪಿನ ಸಂಖ್ಯೆಯನ್ನು ಹೊರಗೆ ಹಾಕದಿರುವುದು ತಿಳಿದವರ ರೂಢಿ, ಯಾಕೆಂದರೆ ಆ ಸಂಖ್ಯೆಯೇ ಹೆಸರು ಹೇಳಿಬಿಡುತ್ತದೆ. ನೀವು ನೋಟಿಸ್ ಬೋರ್ಡಿಗೆ ಹಚ್ಚಿ: "ಅಂಗವಿಕಲರು: 1 (ಡಿಸ್ಪ್ಯಾಚ್)". ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ನಿಮ್ಮ ಸಂದರ್ಶನದ ಕೋಣೆ ಲಿಫ್ಟಿಲ್ಲದ ಮಹಡಿಯ ಮೇಲಿರುವುದರಿಂದ ಅವುಗಳಲ್ಲಿ ಒಂದಷ್ಟು ಮೆಟ್ಟಿಲ ಬುಡದಲ್ಲೇ ಉಳಿದು ಲೆಕ್ಕ ಹಗುರಾಗುತ್ತದೆ.

ಒಂದು ಕೆಲಸವನ್ನು ಮಾತ್ರ ಅಪ್ಪಿತಪ್ಪಿಯೂ ಮಾಡಬೇಡಿ: ಭಾಗಾಕಾರ. 120 ಗಂಡಸರು ಅರ್ಜಿ ಹಾಕಿ 36 ಜನಕ್ಕೆ ಕರೆ ಹೋಯಿತು, 40 ಹೆಂಗಸರಲ್ಲಿ 4 ಜನಕ್ಕೆ ಹೋಯಿತು ಅಂತಿಟ್ಟುಕೊಳ್ಳಿ. ಶೇ 30, ಶೇ 10. ಅಮೆರಿಕದಲ್ಲಿ 1978ರಿಂದ ಐದರಲ್ಲಿ ನಾಲ್ಕರ ಲೆಕ್ಕವೊಂದಿದೆ. ಒಂದು ಗುಂಪಿನ ಆಯ್ಕೆಯ ಪ್ರಮಾಣವು ಹೆಚ್ಚು ಆಯ್ಕೆಯಾದ ಗುಂಪಿನ ಪ್ರಮಾಣದ ಶೇ 80ನ್ನೂ ಮುಟ್ಟದಿದ್ದರೆ ಆಯ್ಕೆಯ ಜರಡಿಯನ್ನೇ ಪರೀಕ್ಷಿಸಬೇಕು. ಇಲ್ಲಿ ಮುಟ್ಟಿದ್ದು ಶೇ 33. ಅರ್ಜಿ, ಕರೆ, ಆಯ್ಕೆ, ಬಡ್ತಿ ಎಂದು ಹಂತಹಂತಕ್ಕೂ ಭಾಗಿಸುತ್ತ ಹೋದರೆ ಅರ್ಜಿಗಳು ಯಾರ ಟೇಬಲ್ಲಿನ ಮೇಲೆ ಸತ್ತವು ಎಂಬುದು ಗೊತ್ತಾಗಿಬಿಡುತ್ತದೆ, ಮತ್ತು ಆ ಟೇಬಲ್ಲು ಬಹುತೇಕ ಅಳಿಯನದೇ ಆಗಿರುತ್ತದೆ. ಅದಕ್ಕೇ ಒಳಗಿರುವವರ ತಲೆಯನ್ನಷ್ಟೇ ಎಣಿಸಿ. ಬಾಗಿಲಲ್ಲಿ ತಿರುಗಿ ಹೋದವರಿಗೆ ಸಮಾನತೆಯ ಫಾರ್ಮು ಯಾಕೆ?

ಹೆಂಗಸರ ಎಣಿಕೆಗೆ ಹಳಬರು ಒಂದು ಅಂಕಿ ಬಿಟ್ಟುಹೋಗಿದ್ದಾರೆ. 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮು, 1976ರ ತಿದ್ದುಪಡಿಯ ಮೇಲೆ, 30ಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದಲ್ಲಿ ಅವರ ಕೂಸುಗಳಿಗೊಂದು ಕೋಣೆ ಬೇಕು ಎಂದಿತು. ಮೂವತ್ತರವರೆಗೆ ಅಡ್ಡಿಯಿರಲಿಲ್ಲ, ಆದರೂ ಯಾವುದಕ್ಕೂ ಒಂದು ಕಮ್ಮಿ ಇರಲಿ ಎಂದು 29ಕ್ಕೆ ಗೇಟು ಹಾಕುವ ಪದ್ಧತಿ ಬಿತ್ತು. ಮುಂದೆ 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಒಟ್ಟು 50 ನೌಕರರಿದ್ದರೆ ಕೂಸಿನ ಕೋಣೆ ಕಡ್ಡಾಯವಾಯಿತು. ಅದರಲ್ಲಿ ಹೆಂಗಸರೆಷ್ಟು ಎಂದು ಆ ನಿಯಮ ಕೇಳುವುದೇ ಇಲ್ಲ. ಅಂದಮೇಲೆ 29ಕ್ಕೆ ನಿಂತು ಉಳಿಸುವುದೇನೂ ಇಲ್ಲ. ಹಾಗಂತ ಹಿರಿಯರ ಪದ್ಧತಿ ಬಿಡಲಾದೀತೇ? 29 ಹಾಗೇ ಇದೆ. ಕೂಸಿನ ಕೋಣೆಯೂ ಇದೆ, ಸದ್ಯ ಅದರಲ್ಲಿ ಪ್ಯಾಟರ್ನ್ ಕಟ್ಟಿಗೆ ಒಟ್ಟಿದೆ.

ಮರುವರ್ಷ ಗಿರಾಕಿ 'ಪ್ರಗತಿ ಏನು?' ಎಂದು ಕೇಳಿಯೇ ಕೇಳುತ್ತಾನೆ. ಅದಕ್ಕೂ ದಾರಿಯಿದೆ. ಹೋದ ವರ್ಷ 145ರಲ್ಲಿ 29 ಹೆಂಗಸರು, ಅಂದರೆ ಶೇ 20. ದೀಪಾವಳಿಗೆ ಬೋನಸ್ ಎಣಿಸಿಕೊಂಡು 16 ಗಂಡಸರು ಹೆಚ್ಚಿನ ಪಗಾರಕ್ಕೆ ಪುಣೆಗೆ ಹೋದರು. ಈಗ 129ರಲ್ಲಿ 29, ಶೇ 22.5. ಹೊಸದಾಗಿ ಒಬ್ಬ ಹೆಣ್ಣುಮಗಳನ್ನೂ ತೆಗೆದುಕೊಳ್ಳದೆ ಏರಿಕೆ! ಚಾರ್ಟಿನಲ್ಲಿ ಹಸಿರು ಬಾಣ ಬರೆದು ತಂದ ಎಚ್‌ಆರ್ ಸಾಹೇಬರು ಮಾಲೀಕರ ಮುಂದೆ ಕೈಕಟ್ಟಿ ನಿಂತಿದ್ದಾರೆ:

"ಇನ್ನೊಂದ್ ಇಪ್ಪತ್ ಮಂದಿ ಬಿಟ್ ಹ್ವಾದ್ರ ಗುರಿ ಮುಟ್ತೇವ್ರೀ, ಸಾವ್ಕಾರ್ರ."